ತಗ್ಗಿನ ಮಂದಿ

ನನ್ನ ಅಪ್ಪ ಕಥೆ ಹೇಳುತ್ತಿದ್ದದ್ದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ. ವಾರವಿಡೀ ಅವನು ಸಂಡೂರಿನ ಗುಡ್ಡಗಳ ಮೇಲಿರುತ್ತಿದ್ದ. ಶನಿವಾರ ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ಕಿವಿ, ಉಗುರಿನ ಸಂದು ಎಲ್ಲ ಕೆಂಪಾಗಿರುತ್ತಿದ್ದವು. ಅವ್ವ ಹಂಡೆ ತುಂಬ ನೀರು ಕಾಯಿಸಿಡುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಮರುದಿನ ದಿಂಬಿನ ಮೇಲೆ ಅವನ ತಲೆಯ ಗುರುತು ಕೆಂಪಗೆ ಉಳಿದಿರುತ್ತಿತ್ತು. ಭಾನುವಾರ ರೊಟ್ಟಿ ಉಂಡು, ಕ್ವಾರ್ಟರ್ಸಿನ ಮುಂದಿನ ಬೇವಿನ ನೆರಳಿಗೆ ಚಾಪೆ ಹಾಸಿ ಮಲಗಿದನೆಂದರೆ ನಾನು ಹೋಗಿ ಅವನ ತೋಳಿನ ಮೇಲೆ ತಲೆಯಿಡುತ್ತಿದ್ದೆ. ನಾನು ಒಬ್ಬಳೇ ಮಗಳು. ಆ ಎರಡು ಗಂಟೆ ಅವನು ಪೂರ್ತಿ ನನ್ನವನು.

ಅಪ್ಪ ಒಂದು ಸಣ್ಣ ಗಣಿಯಲ್ಲಿ ಮೇಟ್ ಆಗಿದ್ದ. ಕೂಲಿಯವರ ತಂಡವನ್ನು ಕರೆದುಕೊಂಡು ಹೋಗಿ ಕೆಲಸ ಮಾಡಿಸುವವನಿಗೆ ಗಣಿಯಲ್ಲಿ ಹಾಗೆನ್ನುತ್ತಾರೆ. ಅದಿರು ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ನೋಡುವುದಕ್ಕೆ ಗುಡ್ಡದ ಮೇಲೆ ಅಲ್ಲಲ್ಲಿ ಬಾವಿಯಂಥ ಕಿರಿದಾದ ತಗ್ಗು ತೋಡಿಸಿ, ಒಳಗಿನ ಮಣ್ಣನ್ನು ಚೀಲಕ್ಕೆ ತುಂಬಿ ಕಳಿಸುವುದು ಅವನ ಕೆಲಸ. ಇದೆಲ್ಲ ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಆಗ ನನಗೆ ಗೊತ್ತಿದ್ದದ್ದು ಅವನು ಹೇಳುವ ಕಥೆ ಮಾತ್ರ.

ಬಹಳ ಹಿಂದೆ ಈ ಗುಡ್ಡಗಳಲ್ಲಿ ಒಂದು ಜನಾಂಗವಿತ್ತಂತೆ. ಅಪ್ಪ ಅವರನ್ನು ತಗ್ಗಿನ ಮಂದಿ ಎಂದು ಕರೆಯುತ್ತಿದ್ದ. ಭಾರೀ ಬುದ್ಧಿವಂತರು. ಮಣ್ಣಿನ ಬಣ್ಣ ನೋಡಿಯೇ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಹೇಳುತ್ತಿದ್ದರು. ಕಲ್ಲನ್ನು ನೀರು ಮಾಡುತ್ತಿದ್ದರು. ಆದರೆ ಅವರಿಗೆ ಸದಾ ಅವಸರ. ಒಂದು ಗುಡ್ಡ ತೋಡುವಾಗಲೇ ಅವರ ಕಣ್ಣು ಮುಂದಿನ ಗುಡ್ಡದ ಮೇಲಿರುತ್ತಿತ್ತು. ಹೊರಡುವ ದಿನ ಬಂದಾಗ, ತೋಡಿದ್ದನ್ನೆಲ್ಲ ತುಂಬಿ ಹೋಗಿ ಎಂದು ರಾಜನ ಅಪ್ಪಣೆಯಾಯಿತು. ತುಂಬುತ್ತಾ ಕೂತರೆ ಒಂದು ತಿಂಗಳು ಬೇಕು. ಅವರು ತಗ್ಗಿನ ಬಾಯಿಗೆ ಹಲಗೆ ಹಾಕಿದರು.

"ಹಲಗಿ ಮ್ಯಾಲೆ ತಗಡು, ತಗಡಿನ ಮ್ಯಾಲೆ ಮಣ್ಣು, ಮಣ್ಣಿನ ಮ್ಯಾಲೆ ಹುಲ್ಲು," ಎನ್ನುತ್ತಿದ್ದ ಅಪ್ಪ, ನನ್ನ ಅಂಗೈ ಮೇಲೆ ತನ್ನ ಅಂಗೈಯನ್ನು ಒಂದೊಂದಾಗಿ ಇಟ್ಟು ತೋರಿಸುತ್ತ. "ಹಿಂಗ ಆರು ತಗ್ಗು ಮುಚ್ಚಿದ್ರು. ರಾಜಂಗ ಹೇಳಿದ್ರು, ಎಲ್ಲಾ ತುಂಬೀವಿ ಅಂತ."

"ಆಮ್ಯಾಲೆ ಎಲ್ಲಿಗೆ ಹೋದ್ರಪ್ಪಾ?"

"ಎಲ್ಲಿಗೆ ಹೋಗ್ತಾರವ್ವಾ? ಇನ್ನೊಂದು ಗುಡ್ಡಕ್ಕ."

ಎಷ್ಟೋ ಕಾಲದ ನಂತರ ಕುರಿ ಕಾಯುವ ಒಬ್ಬ ಹುಡುಗಿ ಆ ಹುಲ್ಲಿನ ಮೇಲೆ ಬರುತ್ತಾಳೆ. ಕಥೆ ಪ್ರತಿ ವಾರ ಬೇರೆ ಬೇರೆ ದಾರಿ ಹಿಡಿಯುತ್ತಿತ್ತು, ಆದರೆ ಆ ಹುಡುಗಿ ಮಾತ್ರ ಪ್ರತಿ ಸಲವೂ ಬದುಕಿ ಉಳಿಯುತ್ತಿದ್ದಳು. ಅವಳು ಕೋಲಿನಿಂದ ನೆಲ ತಟ್ಟುತ್ತ ನಡೆಯುವವಳು. ಗಟ್ಟಿ ನೆಲ ಒಂದು ಥರ ಸದ್ದು ಮಾಡುತ್ತದೆ, ಪೊಳ್ಳು ನೆಲ ಇನ್ನೊಂದು ಥರ. ಅಪ್ಪ ನನ್ನ ಕೈಗೆ ಕೋಲು ಕೊಟ್ಟು ಅಂಗಳದಲ್ಲೂ ಚರಂಡಿಯ ಹಾಸುಗಲ್ಲಿನ ಮೇಲೂ ತಟ್ಟಿಸುತ್ತಿದ್ದ. ಯಾವುದು ಪೊಳ್ಳು ಹೇಳು ಎನ್ನುತ್ತಿದ್ದ. ಗುಡ್ಡಕ್ಕೆ ಹೋದರೆ ಹೀಗೇ ತಟ್ಟುತ್ತ ನಡೆಯಬೇಕು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ನನಗದು ಆಟ.

ಒಮ್ಮೆ ಹಂಪಿಗೆ ಕರೆದುಕೊಂಡು ಹೋಗಿದ್ದ. ಬಜಾರಿನ ಸಾಲುಗಂಬಗಳ ನಡುವೆ ನಿಂತು ಕೇಳಿದೆ, "ತಗ್ಗಿನ ಮಂದಿ ಇವ್ರೇನಪ್ಪಾ?"

ಅಪ್ಪ ನಗಲಿಲ್ಲ. "ಅಲ್ಲವ್ವಾ. ಇವ್ರು ಕಟ್ಟಿದವ್ರು. ಅವ್ರು ಬರೇ ತೋಡಿದವ್ರು," ಎಂದ.

ನಾನು ಓದಿ ಕಂಪ್ಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ಮದುವೆಯಾಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಅಪ್ಪನೂ ನಾನೂ ಹೊಸಪೇಟೆಯಲ್ಲಿ ಒಂದು ಚಿಕ್ಕ ಮನೆ ಮಾಡಿಕೊಂಡು ಇದ್ದೇವೆ. ಬೆಳಿಗ್ಗೆ ಅವನಿಗೆ ತಿಂಡಿ ಮಾಡಿಟ್ಟು ಕಂಪ್ಲಿ ಬಸ್ಸು ಹಿಡಿಯುತ್ತೇನೆ. ಕಿಟಕಿ ಪಕ್ಕ ಸೀಟು ಸಿಕ್ಕ ದಿನ ಬುಕ್ಕಸಾಗರದ ಭತ್ತದ ಗದ್ದೆ ನೋಡುತ್ತ ಏನಾದರೂ ಬರೆಯುವುದನ್ನು ಯೋಚಿಸುತ್ತೇನೆ. ಸಣ್ಣಪುಟ್ಟ ಕಥೆಗಳು ಅಲ್ಲಿ ಇಲ್ಲಿ ಅಚ್ಚಾಗಿದ್ದವು. ಹೋದ ವರ್ಷ ನಮ್ಮ ಕಡೆಯ ಒಂದು ವಾರಪತ್ರಿಕೆಯವರು ಧಾರಾವಾಹಿ ಕೇಳಿದಾಗ ನನಗೆ ತಕ್ಷಣ ಹೊಳೆದದ್ದು ತಗ್ಗಿನ ಮಂದಿ.

ಕಾಣದಂತೆ ಅಳಿದುಹೋದ ಜನ, ಅವರು ಬಿಟ್ಟುಹೋದ ವಸ್ತುಗಳಿಂದ ಮುಂದಿನವರಿಗೆ ಒದಗುವ ಗಂಡಾಂತರ. ಇಂಥ ಕಥೆಗಳನ್ನು ನಾನು ಚಿಕ್ಕಂದಿನಿಂದ ಹುಡುಕಿ ಹುಡುಕಿ ಓದಿದವಳು. ತೆರೆದಿಟ್ಟ ಬಾಗಿಲು, ಆರಿಸದೆ ಹೋದ ಬೆಂಕಿ, ಮುಚ್ಚಳ ಹಾಕದ ವಿಷದ ಗಡಿಗೆ. ಓದುವಾಗೆಲ್ಲ, ಇವಕ್ಕಿಂತ ನಮ್ಮಪ್ಪನದೇ ಚೆನ್ನಾಗಿದೆ ಅನ್ನಿಸುತ್ತಿತ್ತು.

ಅಪ್ಪನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟ.

"ಆ ಕಥಿ ಬ್ಯಾಡವ್ವಾ. ಬ್ಯಾರೆ ಯಾವ್ದಾರ ಬರಿ."

"ಯಾಕಪ್ಪಾ? ಅದರಂಥಾದ್ದು ಯಾವ್ದೂ ಇಲ್ಲ."

"ಮನಿಯಾಗ ಹೇಳೋ ಕಥಿ ಅದು. ಊರ ಮಂದಿಗ್ಯಾಕ?"

ಸಂಕೋಚ ಎಂದುಕೊಂಡೆ. ತನ್ನ ಕಥೆ ಪತ್ರಿಕೆಯಲ್ಲಿ ಬರುವಷ್ಟು ದೊಡ್ಡದಲ್ಲ ಎಂಬ ಹಳೆಯ ಕಾಲದ ನಾಚಿಕೆ ಎಂದುಕೊಂಡೆ. ಮೊದಲ ಕಂತಿನ ಮೇಲೆಯೇ ಬರೆದೆ: ಇದು ನನಗೆ ಗೊತ್ತಿರುವ ಎಲ್ಲರಿಗಿಂತ ದೊಡ್ಡ ಕಥೆಗಾರನಾದ ನನ್ನ ಅಪ್ಪ ಹೇಳಿದ್ದು. ಆರು ತಿಂಗಳು ಕಥೆ ಬಂತು. ಪ್ರತಿ ವಾರ ಅವನ ಮುಂದೆ ಕೂತು ಓದುತ್ತಿದ್ದೆ. ಅವನು ಕಿಟಕಿಯ ಕಡೆ ಮುಖ ಮಾಡಿ ಕೇಳುತ್ತಿದ್ದ. ಒಂದು ಕಡೆ ಮಾತ್ರ ನಾನು ಬದಲಾಯಿಸಿದ್ದೆ. ಅಷ್ಟು ಹಳೆಯ ಕಾಲದಲ್ಲಿ ತಗಡು ಎಲ್ಲಿಂದ ಬರಬೇಕು? ಅದನ್ನು ತಾಮ್ರದ ಹಾಳೆ ಮಾಡಿದ್ದೆ.

ಕೊನೆಯ ಕಂತು ಬಂದ ಮುಂದಿನ ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬರು ಮನೆ ಹುಡುಕಿಕೊಂಡು ಬಂದರು. ಅರವತ್ತರ ಆಸುಪಾಸು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಅಪ್ಪ ಕ್ಷೌರಕ್ಕೆ ಹೋಗಿದ್ದ. ಬಂದವರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು.

"ಕಥಿ ಬರಿಯೋ ಟೀಚರ್ ನೀವ ಏನ್ರಿ?"

"ಹೌದ್ರಿ. ಒಳಗ ಬರ್ರಿ, ಕುಂದ್ರಿ."

ಅವರು ಕುರ್ಚಿಯ ಅಂಚಿನಲ್ಲಿ ಕೂತರು. ತಾವು ಸಂಡೂರು ಕಡೆಯ ಬಂಡ್ರಿ ಊರಿನವರು ಎಂದರು. ನೀರು ಕೊಟ್ಟೆ. ಓದುಗರೊಬ್ಬರು ಅಷ್ಟು ದೂರದಿಂದ ಬಂದಿದ್ದಾರೆಂದು ಒಳಗೊಳಗೇ ಹಿಗ್ಗಿದ್ದೆ.

"ನನಗ ಓದಾಕ ಬರಂಗಿಲ್ರಿ. ಸೊಸಿ ಓದಿ ಹೇಳ್ತಾಳ. ನಾನೂ ಕೇಳ್ತಿದ್ದೆ, ಮಂಚದ ಮ್ಯಾಲೆ ಮಲಗಿದ ನನ್ನ ಹೆಂಡ್ತೀನೂ ಕೇಳ್ತಿದ್ಲು." ನೀರಿನ ಲೋಟ ಕೆಳಗಿಟ್ಟು ಹೇಳಿದರು, "ತಗಡನ್ನ ತಾಮ್ರ ಮಾಡೀರಿ. ಅದು ತಗಡ್ರಿ. ನೀಲಿ ಬಣ್ಣದ್ದು. ಕ್ಯಾಂಪಿನ ಅಡಿಗಿ ಶೆಡ್ಡಿಂದು. ನಾನ ಕೊಡ್ಲಿಲೆ ಕತ್ತರಿಸಿ ಕೊಟ್ಟಿದ್ದೆ."

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳುತ್ತ ಹೋದರು. ಪ್ರಾಯದಲ್ಲಿ ಅಪ್ಪನ ತಂಡದಲ್ಲಿ ತಗ್ಗು ತೋಡುವ ಕೆಲಸಕ್ಕಿದ್ದರು. ಅಪ್ಪ ಅವರ ಕೈಯಿಂದ ಬಂಡ್ರಿ ಹತ್ತಿರದ ಗುಡ್ಡದ ಇಳಿಜಾರಿನಲ್ಲಿ ಎರಡು ತಗ್ಗು ತೋಡಿಸಿದ್ದ, ಉಳಿದ ನಾಲ್ಕನ್ನು ಬೇರೆ ಊರಿನವರು ತೋಡಿದ್ದರು. ಪರಿಶೀಲನೆಗೆ ಸರಕಾರದವರು ಬರುತ್ತಾರೆಂದು ಸುದ್ದಿಯಾದಾಗ ಹಲಗೆ, ತಗಡು ಹಾಕಿ ಮುಚ್ಚಿಸಿದರು. ಬರುವ ವಾರ ಯಂತ್ರ ಬರುತ್ತದೆ, ಆಗ ಸರಿಯಾಗಿ ತುಂಬಿಸುತ್ತೇನೆ ಎಂದು ಮೇಟ್ ಹೇಳಿದ್ದರು. ತಂಡ ಬೇರೆ ಗುಡ್ಡಕ್ಕೆ ಹೋಯಿತು. ಗಣಿಯೂ ಕೆಲವು ವರ್ಷಗಳಲ್ಲಿ ಮುಚ್ಚಿತು.

"ಹೋದ ಸಲ ಸೀತಾಫಲದ ಕಾಲಕ್ಕ ನನ್ನ ಹೆಂಡ್ತಿ ನಾಕು ಮಂದಿ ಹೆಣ್ಮಕ್ಕಳ ಜೋಡಿ ಗುಡ್ಡಕ್ಕ ಹೋಗಿದ್ಲು. ಹಣ್ಣು ತಂದು ನಿಮ್ಮ ಹೊಸಪೇಟಿ ಬಸ್‌ಸ್ಟ್ಯಾಂಡಿನಾಗ ಮಾರ್ತಾರ. ಗಿಡದ ಬುಡಕ್ಕ ಹೋಗಿ ನಿಂತಾಳ, ಹಂಗ ಇಳದ್ ಬಿಟ್ಲು. ಮೂರಾಳ ಆಳ. ಉಳದವ್ರು ಸೀರಿ ಬಿಚ್ಚಿ, ಗಂಟ ಹಾಕಿ ಇಳಿಬಿಟ್ಟು ಎಳದ್ರು. ತೊಡಿ ಮುರದೈತಿ. ರಾಡು ಹಾಕ್ಯಾರ."

ಆ ಸುದ್ದಿ ನಾಲ್ಕು ಸಾಲಿನಲ್ಲಿ ಪತ್ರಿಕೆಯಲ್ಲಿ ಬಂದದ್ದು ನನಗೆ ನೆನಪಾಯಿತು. ಹಳೆಯ ಗುಂಡಿಗೆ ಬಿದ್ದು ಮಹಿಳೆಗೆ ಗಾಯ. ಓದಿ ಪುಟ ತಿರುಗಿಸಿದ್ದೆ.

"ಮರುದಿನ ಹೋಗಿ ನೋಡಿದೆ. ಬಾಯಿ ಅಂಚಿಗೆ ನೀಲಿ ತಗಡು ಜೋತು ಬಿದ್ದಿತ್ತು. ನಾನ ತೋಡಿದ ತಗ್ಗು ಅದು. ಯಾರ ಮುಂದೂ ಹೇಳ್ಲಿಲ್ರಿ. ಯಾಕೋ ಇದೊಂದು ತುಂಬೋದು ತಪ್ಪೈತಿ ಅನ್ಕೊಂಡಿದ್ದೆ. ಮೇಟ್ರು ಅಂಥವ್ರಲ್ಲ ಅಂತ ನನಗ ಭಾಳ ನಂಬಿಕಿ." ಅವರು ನನ್ನ ಮುಖ ನೋಡಿದರು. "ಆದ್ರ ನಿಮ್ಮ ಕಥ್ಯಾಗ ಒಂದೂ ತುಂಬಿಲ್ರಿ. ಆರಕ್ಕ ಆರೂ ಹಂಗ ಅದಾವು. ಅದಕ್ಕ ಬಂದೆ. ಉಳದ ನಾಕು ಎಲ್ಲಿ ಅದಾವು ಅಂತ ಮೇಟ್ರನ್ನ ಕೇಳ್ರಿ. ನಮ್ಮ ಹೆಣ್ಮಕ್ಕಳು ಆ ಕಡಿ ಕಾಲಿಡಾಕ ಅಂಜತಾರ."

ಅವರು ಜಗಳಕ್ಕೆ ಬಂದಿರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಸೊಸೆಯಿಂದ ಬರೆಸಿಕೊಂಡು ಬಂದಿದ್ದರು, ಅದನ್ನು ಟೇಬಲ್ ಮೇಲಿಟ್ಟು, ಚಹಾ ಕುಡಿಯದೆ ಹೋದರು.

ಅಪ್ಪ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದ. ಕುತ್ತಿಗೆಗೆ ಅಂಟಿದ ಕೂದಲು ಒರೆಸಿಕೊಳ್ಳುತ್ತಿದ್ದವನಿಗೆ ಹೇಳತೊಡಗಿದೆ. ನನ್ನ ದನಿ ತರಗತಿಯಲ್ಲಿ ಪಾಠ ಓದುವಷ್ಟು ಸಮವಾಗಿತ್ತು. ಅವನು ಟವೆಲನ್ನು ಮಡಚಿದ, ಮತ್ತೆ ಬಿಚ್ಚಿದ.

"ಕಥಿ ಅದು," ಎಂದ. "ಕಥಿಗೆ ಯಾರ್ಯಾರೋ ಬಂದು ಏನೇನೋ ಅಂತಾರ."

"ನೀಲಿ ತಗಡು ಅಂದ್ರಪ್ಪಾ."

ಅವನು ಕೂತ. ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ, "ಆಕಿ ಈಗ ನಡಿತಾಳೇನು?"

ನಡೆಯುತ್ತಾಳೇನು ಎಂದ. ನಾನು ಹೇಳುವಾಗ ಬಿದ್ದವಳ ವಿಷಯ ಇನ್ನೂ ಪೂರ್ತಿ ಹೇಳಿ ಮುಗಿಸಿರಲಿಲ್ಲ. ಹೆಂಗಸು ಬಿದ್ದಳು ಎಂದಿದ್ದೆ, ಕಾಲು ಎಂದಿರಲಿಲ್ಲ.

"ನಿನಗ ಗೊತ್ತಿತ್ತೇನು?"

"ಪೇಪರಿನಾಗ ಓದಿದ್ದೆ. ಆ ಗುಡ್ಡ, ಆ ಊರು... ಅವತ್ತ ತಿಳೀತು."

ಅಂದರೆ ನಾನು ಧಾರಾವಾಹಿ ಶುರುಮಾಡುವ ಮೊದಲೇ. ಆ ಕಥಿ ಬ್ಯಾಡವ್ವಾ ಎಂದದ್ದು ಅದಕ್ಕೆ. ಅದಾದ ಮೇಲೆ ಆರು ತಿಂಗಳು, ಪ್ರತಿ ವಾರ, ಬಂಡ್ರಿಯಲ್ಲಿ ಒಬ್ಬ ಹೆಂಗಸು ಮಂಚದ ಮೇಲೆ ಮಲಗಿ ಕೇಳುತ್ತಿದ್ದ ಅದೇ ಪುಟಗಳನ್ನು ಅವನು ಕಿಟಕಿಯ ಕಡೆ ಮುಖ ಮಾಡಿ ಕೇಳಿದ್ದ.

ನಂತರ ಅವನು ಹೇಳಿದ. ಯಂತ್ರ ಬರಲಿಲ್ಲ. ಕೈಯಿಂದ ತುಂಬಿಸಲು ಗಣಿಯ ಮೇಲಿನವರು ದಿನ ಕೊಡಲಿಲ್ಲ. ತುಂಬಿದೆ ಎಂದು ಬರೆದು ಸಹಿ ಹಾಕು ಎಂದರು, ಹಾಕಿದ. ಆ ವರ್ಷವೇ ಅವನ ಕೆಲಸ ಕಾಯಂ ಆಯಿತು, ನಮಗೆ ಕ್ವಾರ್ಟರ್ಸ್ ಸಿಕ್ಕಿತು, ನಾನು ಸಂಡೂರಿನ ಶಾಲೆಗೆ ಸೇರಿದೆ. ಅವನು ಇದನ್ನು ನೆವವಾಗಿ ಹೇಳಲಿಲ್ಲ. ಆದರೂ ನನ್ನ ಓದು, ನನ್ನ ನೌಕರಿ, ಕೊನೆಗೆ ನನ್ನ ಕಥೆ ಕೂಡ ಆ ಹಲಗೆಗಳ ಮೇಲೆಯೇ ನಿಂತಿವೆ ಎಂದು ಕೇಳುತ್ತ ಕೂತ ನನಗೆ ತಿಳಿಯದೆ ಇರಲಿಲ್ಲ.

"ಹೇಳದ ಇರಾಕ ಆಗ್ಲಿಲ್ಲವ್ವಾ," ಎಂದ ಅಪ್ಪ. "ಅದಕ್ಕ ನಿನಗ ಹೇಳ್ತಿದ್ದೆ. ಕೋಲು ತಟ್ಟಿ ನಡಿ ಅಂತ ಕಲಿಸಿರಲಿಲ್ಲೇನು?"

ಆಗ ನನಗೆ ಸಿಟ್ಟು ಬಂತು. "ನನಗ ಕಲಿಸಿದಿ. ಆಕಿಗೆ ಯಾರು ಕಲಿಸಿದ್ರು? ನಾ ಯಾವತ್ತರ ಆ ಗುಡ್ಡಕ್ಕ ಸೀತಾಫಲಕ್ಕ ಹೋಗೀನೇನು?"

ಬೇವಿನ ನೆರಳಿನ ಆ ಮಧ್ಯಾಹ್ನಗಳು ನನ್ನ ಬದುಕಿನಲ್ಲಿ ನಾನು ಹೆಚ್ಚು ಜತನವಾಗಿ ಇಟ್ಟುಕೊಂಡ ಹೊತ್ತು. ಅವು ನನಗೆಂದು ಎಂದುಕೊಂಡಿದ್ದೆ. ಅವನಿಗೆ ತನ್ನ ಎದೆಯ ಭಾರ ಇಳಿಸುವುದಕ್ಕೆ ಒಂದು ಕಿವಿ ಬೇಕಿತ್ತು, ಪ್ರಶ್ನೆ ಕೇಳಲು ಬಾರದ ಕಿವಿ. ಅಳಿದುಹೋದವರ ಕಥೆಗಳ ಅನುಕೂಲವೇ ಅದು ಎಂದು ಈಗ ತೋರುತ್ತದೆ. ತಪ್ಪು ಮಾಡಿದವರು ಕಥೆ ಶುರುವಾಗುವ ಮೊದಲೇ ಸತ್ತಿರುತ್ತಾರೆ. ಅವರನ್ನು ಎದುರಿಗೆ ಕೂರಿಸಿ ಯಾಕೆ ಹೀಗೆ ಮಾಡಿದಿರಿ ಎಂದು ಯಾರೂ ಕೇಳಬೇಕಿಲ್ಲ. ಓದಿದವರು ಅಯ್ಯೋ ಅಂದು ಪುಸ್ತಕ ಮುಚ್ಚಬಹುದು. ನಾನೂ ಹಾಗೆ ಎಷ್ಟು ಸಲ ಮುಚ್ಚಿದ್ದೆ. ನನ್ನ ತಗ್ಗಿನ ಮಂದಿಯಂತೂ ಎಪ್ಪತ್ತೆಂಟು ವರ್ಷದವನಾಗಿ, ಹೊಸದಾಗಿ ಕ್ಷೌರ ಮಾಡಿಸಿಕೊಂಡು, ನನ್ನೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ.

ಮರುದಿನ ಶಾಲೆಗೆ ರಜೆ ಹಾಕಿದೆ. ಅಪ್ಪ ತಾನಾಗಿಯೇ ಬಂದು, "ಬರ್ಕೋ, ಹೇಳ್ತೀನಿ," ಎಂದ. ಬಿಳಿ ಹಾಳೆ ತೆಗೆದುಕೊಂಡು ಕೂತೆ. ತಗ್ಗುಗಳನ್ನು ತುಂಬಿಸಿರೆಂದು ಗಣಿ ಇಲಾಖೆಯ ಕಚೇರಿಗೆ ಕೊಡುವುದಕ್ಕೆ ಅವನ ಹೇಳಿಕೆ ಬೇಕಿತ್ತು.

"ಆ ಕಾಲಕ್ಕ ಆ ಮಂದಿ ಗುಡ್ಡದ ತೆಂಕಣ ಇಳಿಜಾರಿನಾಗ ಆರು ತಗ್ಗು ತೋಡಿದ್ರು," ಎಂದು ಶುರುಮಾಡಿದ.

ಪೆನ್ನು ಕೆಳಗಿಟ್ಟೆ. "ಆ ಮಂದಿ ಅಲ್ಲಪ್ಪಾ. ನಾನು ಅನ್ನು."

ಅವನು ನನ್ನನ್ನು ನೋಡಿದ. ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. "ನಾನು," ಎಂದ. "ನಾನು ಆರು ತಗ್ಗು ತೋಡಿಸಿದೆ." ಅಲ್ಲಿಂದ ಮುಂದೆ ನಿಲ್ಲಲಿಲ್ಲ. ಎರಡು ಪುಟವಾಯಿತು. ಕೊನೆಯಲ್ಲಿ ಸಹಿ ಹಾಕಿದ.

ಆ ವಾರದ ಕೊನೆಗೆ ಬಾಡಿಗೆ ಜೀಪು ಮಾಡಿಕೊಂಡು ಬಂಡ್ರಿಗೆ ಹೋದೆವು. ಅದಿರಿನ ಲಾರಿಗಳು ಎದುರಾದಾಗಲೆಲ್ಲ ಡ್ರೈವರ್ ಗಾಜು ಏರಿಸುತ್ತಿದ್ದ, ಇಳಿಸುತ್ತಿದ್ದ.

ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಆಕೆ ಕೂತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಒಂದು ಕಾಲು ಉದ್ದಕ್ಕೆ ಚಾಚಿತ್ತು. ಗಂಡ ಎದ್ದು ನಿಂತು ಹಳೆಯ ಅಭ್ಯಾಸದಂತೆ, "ಬರ್ರಿ ಮೇಟ್ರ, ಕುಂದ್ರಿ," ಎಂದರು. ಅಪ್ಪ ಕೂರಲಿಲ್ಲ. ಮಂಚದ ಕಾಲ ಬುಡದಲ್ಲಿ ನಿಂತು, "ನನ್ನಿಂದ ತಪ್ಪಾಗೇತಿ ತಂಗಿ," ಎಂದ.

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ತಾಸು ಇದ್ದೆನ್ರಿ ಅದರಾಗ," ಎಂದರು. "ಮ್ಯಾಲೆ ಇಷ್ಟ ಆಕಾಶ ಕಾಣ್ತಿತ್ತು. ಮಣ್ಣು ಉದುರತಿತ್ತು. ಇದನ್ನ ಯಾವ ಪುಣ್ಯಾತ್ಮ ತೋಡಿದ್ನೋ ಅಂತ ಬೈಯ್ಯಾಕ ಹತ್ತಿದ್ದೆ. ನನ್ನ ಗಂಡನ್ನ ಬೈಯ್ಯಾಕ ಹತ್ತೀನಿ ಅಂತ ಗೊತ್ತಿರಲಿಲ್ಲ."

ಗಂಡ ತಲೆ ತಗ್ಗಿಸಿದರು. ಆಕೆ ಮತ್ತೆ ಅಪ್ಪನ ಕಡೆ ತಿರುಗಿದರು. "ತಪ್ಪಾತು ಅನ್ನೋದು ಇರ್ಲಿರಿ. ಮೊದಲ ಗುಡ್ಡಕ್ಕ ಹೋಗ್ರಿ. ಬಿಸಿಲೇರತೈತಿ."

ಆಕೆಯ ಕಣ್ಣಲ್ಲಿ ಕ್ಷಮೆ ಇರಲಿಲ್ಲ. ಅದನ್ನು ಹುಡುಕಿದ ನನಗೇ ನಾಚಿಕೆಯಾಯಿತು.

ಗುಡ್ಡದ ಅರ್ಧದವರೆಗೆ ಜೀಪು ಹೋಯಿತು. ಮುಂದೆ ಅಪ್ಪನ ಒಂದು ಕೈ ನಾನು, ಇನ್ನೊಂದು ಕೈ ಬಂಡ್ರಿಯವರು ಹಿಡಿದು ನಡೆಸಿದೆವು. ಊರಿನ ಇಬ್ಬರು ಹಾರೆ, ಸುಣ್ಣದ ಡಬ್ಬಿ ಹಿಡಿದು ಹಿಂದೆ ಬರುತ್ತಿದ್ದರು. ಬಂಡ್ರಿಯವರು ತಾವು ತೋಡಿದ ಇನ್ನೊಂದು ತಗ್ಗನ್ನು ತೋರಿಸಿದರು. ಹುಲ್ಲು ಎದೆಯೆತ್ತರ ಬೆಳೆದಿತ್ತು, ಹತ್ತಿರ ಹೋದರೂ ಏನೂ ಕಾಣುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನೊಬ್ಬ ಹಾರೆಯಿಂದ ಕುಟ್ಟಿದಾಗ ಮಣ್ಣು ಕುಸಿದು ನೀಲಿ ತಗಡು ಕಾಣಿಸಿತು. ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಸುತ್ತ ಕಲ್ಲು ಪೇರಿಸಿ, ಮುಳ್ಳು ಹಾಕಿ, ಕಲ್ಲಿಗೆ ಸುಣ್ಣ ಬಳಿದರು.

ಉಳಿದವನ್ನು ಅಪ್ಪ ಹುಡುಕಬೇಕಿತ್ತು. ಅವನು ಬಹಳ ಹೊತ್ತು ನಿಂತು ಸುತ್ತ ನೋಡಿದ. "ಎದುರಿನ ಗುಡ್ಡದ ನೆತ್ತಿಗೂ ಈ ಬಂಡೆಗಲ್ಲಿಗೂ ಗೆರಿ ಎಳದ್ರ ನಡುವ ಮೂರನೇದು," ಎಂದ. ಎದುರಿನ ಗುಡ್ಡಕ್ಕೆ ನೆತ್ತಿಯೇ ಇರಲಿಲ್ಲ. ಅವನ ನಂತರ ಬಂದವರು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಒಯ್ದಿದ್ದರು. ಅವನು ಹಿಂದೆ ಗುರುತಿಟ್ಟುಕೊಂಡಿದ್ದ ಮರಗಳಿರಲಿಲ್ಲ, ಬೇರೆ ಮರಗಳನ್ನು ನೆಟ್ಟಿದ್ದರು. ಹೆಜ್ಜೆ ಎಣಿಸುತ್ತ, ತಪ್ಪುತ್ತ, ಮತ್ತೆ ಬಂಡೆಗೆ ಮರಳುತ್ತ ಮಧ್ಯಾಹ್ನದ ಹೊತ್ತಿಗೆ ಒಂದನ್ನು ಹಿಡಿದ. ಮೂರರ ಸುಮಾರಿಗೆ ಇನ್ನೊಂದು, ಒಂದು ಸೀತಾಫಲದ ಗಿಡದಿಂದ ಎರಡು ಮಾರು ದೂರದಲ್ಲಿ. ಗಿಡದಲ್ಲಿ ಆಗ ಸಣ್ಣ ಕಾಯಿ ಕಚ್ಚಿತ್ತು.

ಇನ್ನೆರಡು ಸಿಗಲಿಲ್ಲ.

"ನೆನಪಾಗವಲ್ದು," ಎಂದ ಅಪ್ಪ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. "ಕೆಳಗ ಇದ್ವೋ, ಆ ಮಗ್ಗಲಿಗಿದ್ವೋ..."

"ನೆನಸ್ಕೋರಿ ಮೇಟ್ರ," ಎಂದರು ಬಂಡ್ರಿಯವರು. ಅಷ್ಟೇ. ದನಿ ಏರಿಸಲಿಲ್ಲ. ಆದರೆ ಇಳಿಯುವಾಗ ಅವರು ಅಪ್ಪನ ಕೈ ಹಿಡಿಯಲಿಲ್ಲ, ಊರಿನವನೊಬ್ಬ ಹಿಡಿದ.

ಹೇಳಿಕೆಯನ್ನು ಸಂಬಂಧಪಟ್ಟ ಕಚೇರಿಗೆ ನಾವಿಬ್ಬರೂ ಹೋಗಿ ಕೊಟ್ಟು ಬಂದೆವು. ಅಲ್ಲಿನ ಅಧಿಕಾರಿ ಎರಡು ಸಲ ಓದಿ, "ಇಷ್ಟು ವರ್ಷ ಆದ ಮೇಲೆ ಯಾರೂ ಹೀಗೆ ಬಂದು ಹೇಳೋದಿಲ್ಲ," ಎಂದರು. ಹೊಗಳಿಕೆಯೋ ಗುಮಾನಿಯೋ ತಿಳಿಯಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಯಂತ್ರ ಬಂದು ಸಿಕ್ಕ ನಾಲ್ಕು ತಗ್ಗುಗಳನ್ನೂ ತುಂಬಿತು. ಉಳಿದ ಇಳಿಜಾರಿಗೆ ಎಚ್ಚರಿಕೆಯ ಫಲಕ ಹಾಕಿದ್ದಾರೆ. ಬಂಡ್ರಿಯವರಂತೆ ಓದು ಬಾರದವರಿಗೆ ಏನು ಗತಿ ಎಂದು ಕೇಳಿ ಇನ್ನೊಂದು ಅರ್ಜಿ ಕೊಟ್ಟಿದ್ದೇನೆ.

ಧಾರಾವಾಹಿಯನ್ನು ಪುಸ್ತಕ ಮಾಡುತ್ತೇವೆಂದು ಒಬ್ಬರು ಕೇಳಿದ್ದರು. ಬೇಡ ಎಂದೆ. ಕೊನೆಗೆ ಹುಡುಗಿ ಉಳಿಯುವ ಆ ಕಥೆಯನ್ನು ನಾನು ಮತ್ತೊಮ್ಮೆ ಓದಲಾರೆ. ತಿದ್ದಿ ಬರೆಯಿರಿ ಎಂದು ಅವರೆಂದರು. ತಿದ್ದುವುದಕ್ಕೆ ಹೊರಟರೆ ಇದಾಯಿತು, ನೀವು ಓದುತ್ತಿರುವುದು.

ಅದಾದ ಮೇಲೆ ಅಪ್ಪನನ್ನು ಇನ್ನೂ ಎರಡು ಸಲ ಗುಡ್ಡಕ್ಕೆ ಕರೆದುಕೊಂಡು ಹೋದೆ. ಎರಡನೆಯ ಸಲ ಅವನು ಒಂದು ಜಾಗ ಖಚಿತವಾಗಿ ತೋರಿಸಿದ. ಹಾರೆ ಹಾಕಿದರೆ ಗಟ್ಟಿ ನೆಲ, ಕಿಡಿ ಹಾರುವಂಥ ಕಲ್ಲು. "ಇಲ್ಲೇ ಇತ್ತು," ಎಂದು ನಿಂತೇ ಇದ್ದ. ಬಂಡ್ರಿಯವರು ಹಾರೆಯನ್ನು ಹೆಗಲಿಗಿಟ್ಟುಕೊಂಡು ಇಳಿದು ಹೋದರು. ಮೂರನೆಯ ಸಲಕ್ಕೆ ನಾನು ಫೋನ್ ಮಾಡಿದಾಗ, "ಬ್ಯಾಡ್ರಿ ಮೇಡಂ, ಅವ್ರಿಗೂ ವಯಸ್ಸಾಗೇತಿ," ಎಂದರು. ಅದರಲ್ಲಿ ಕನಿಕರವೂ ಇತ್ತು, ನಂಬಿಕೆ ಹೋದದ್ದೂ ಇತ್ತು.

ಮೊನ್ನೆ ಊಟಕ್ಕೆ ಬಡಿಸುವಾಗ ಕೇಳಿದೆ, "ಅಪ್ಪಾ, ಆ ಎರಡು ಖರೇನ ಮರ್ತಿಯೇನು?"

"ಮರ್ತೀನವ್ವಾ. ನಿನ್ನಾಣಿ," ಎಂದ. ಕಣ್ಣು ತಟ್ಟೆಯ ಮೇಲಿತ್ತು.

ಇರಬಹುದು. ಆ ವಯಸ್ಸಿಗೆ ಮರೆವು ಸಹಜ. ಅಥವಾ ಆ ಎರಡು ಎಲ್ಲಿವೆ ಎಂದು ಹೇಳಿದರೆ ಇನ್ನೂ ಏನಾದರೂ ಹೊರಬರುವುದಿರಬಹುದು. ಹುಟ್ಟಿದಾಗಿನಿಂದ ಅವನ ಮುಖ ನೋಡಿದವಳು ನಾನು, ಆದರೂ ಆ ಮುಖದಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ಈಗ ಹೇಳಲಾರೆ. ಸಾರು ಬೇಕಾ ಎಂದು ಕೇಳಿದೆ. ಬೇಕು ಎಂದ, ಬಡಿಸಿದೆ.

ಈ ಸಲ ಸೀತಾಫಲದ ಕಾಲ ಶುರುವಾಗಿದೆ. ಬಂಡ್ರಿಯ ಹೆಂಗಸರು ಆ ಇಳಿಜಾರು ಬಿಟ್ಟು ಗುಡ್ಡ ಸುತ್ತಿಕೊಂಡು ಆಚೆ ಮಗ್ಗುಲಿಗೆ ಹೋಗುತ್ತಾರಂತೆ. ಹೋಗಿ ಬರಲು ನಾಲ್ಕು ತಾಸು ಹೆಚ್ಚು ಹಿಡಿಯುತ್ತದೆಯಂತೆ. ಕಂಪ್ಲಿ ಬಸ್ಸಿಗೆ ಕಾಯುವಾಗ ಬಸ್ ನಿಲ್ದಾಣದಲ್ಲಿ ಸೀತಾಫಲ ಮಾರುವ ಹೆಂಗಸರ ಬುಟ್ಟಿಗಳನ್ನು ನೋಡುತ್ತೇನೆ. ಯಾವ ಊರಿನವರು ಎಂದು ಕೇಳಲು ಧೈರ್ಯ ಬರುವುದಿಲ್ಲ.